ಡರ್ಮಾಯ್ಡ್ ಗಡ್ಡೆ, ಎನ್‌ಎಂಡಿಎ ಎನ್ಸೆಫಲೈಟಿಸ್: ಆಂಟಿಬಾಡಿ ರಿಪೋರ್ಟ್ ಬರುವ ತನಕ ಆಪರೇಷನ್ ತಡೆಯಬೇಕಾ?

ಪಿಜಿ_ಒಬಿಜಿ

ಕೇಸ್ ಚರ್ಚೆಗೆ ತಯಾರಿ ಮಾಡುತ್ತಿದ್ದೇನೆ, ಸೀನಿಯರ್‌ಗಳು ದಯವಿಟ್ಟು ತಿದ್ದಿ. ವಿಷಯ ಎನ್‌ಎಂಡಿಎ ಎನ್ಸೆಫಲೈಟಿಸ್: ದೇಹದ ಆಂಟಿಬಾಡಿಯೇ ಮೆದುಳಿನ ಎನ್‌ಎಂಡಿಎ ಗ್ರಾಹಕಗಳ ಮೇಲೆ ಬೀಳುವ ಮೆದುಳಿನ ಉರಿಯೂತ, ಕೆಲವೊಮ್ಮೆ ಅಂಡಾಶಯದ ಗಡ್ಡೆಯ ಜೊತೆ ಬರುತ್ತದೆ.

20ರ ಆಸುಪಾಸಿನ ಹುಡುಗಿ ಎಂದಿಟ್ಟುಕೊಳ್ಳಿ. ಒಂದು ವಾರ ಸಣ್ಣ ಜ್ವರ, ತಲೆನೋವು. ಆಮೇಲೆ ನಿದ್ದೆಯೇ ಇಲ್ಲ, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯ, ಒಂದೇ ಸಮನೆ ಮಾತು. ಎರಡನೇ ವಾರ ಫಿಟ್ಸ್, ಆಮೇಲೆ ಮಾತೇ ನಿಂತಿದೆ. ಮೆದುಳಿನ ಎಂಆರ್‌ಐ ನಾರ್ಮಲ್. ಹೊಟ್ಟೆ ಸ್ಕ್ಯಾನ್‌ನಲ್ಲಿ ಬಲ ಅಂಡಾಶಯದಲ್ಲಿ 2.5 ಸೆಂ.ಮೀ. ಡರ್ಮಾಯ್ಡ್ (ಕೂದಲು, ಕೊಬ್ಬು, ಹಲ್ಲು ಇರಬಹುದಾದ ಟೆರಟೋಮ ಗಡ್ಡೆ). ಬೆನ್ನುಹುರಿ ನೀರು ಆಂಟಿಬಾಡಿ ಟೆಸ್ಟ್‌ಗೆ ಹೋಗಿದೆ, ರಿಪೋರ್ಟ್ ಬಂದಿಲ್ಲ.

ಇಲ್ಲಿ ಎರಡು ವಾದ ಕೇಳಿದ್ದೇನೆ. ಸ್ಟಿರಾಯ್ಡ್, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಗಳ ಡ್ರಿಪ್) ಕೊಟ್ಟು ಪೇಶೆಂಟ್ ಸುಧಾರಿಸಿದ ಮೇಲೆ ಗಡ್ಡೆ ತೆಗೆಯಿರಿ ಎನ್ನುವುದು ಒಂದು. ಗಡ್ಡೆ ಒಳಗಿರುವ ತನಕ ಸುಧಾರಣೆ ಎಲ್ಲಿಂದ ಬರಬೇಕು ಎನ್ನುವುದು ಇನ್ನೊಂದು. ಯಾವುದು ಸರಿ? ಯುವತಿಯರಲ್ಲಿ ಡರ್ಮಾಯ್ಡ್ ಹೇಗೂ ಸಾಮಾನ್ಯ, ಅದು ಕಾಕತಾಳೀಯವಾಗಿ ಸಿಕ್ಕಿದ್ದಲ್ಲ ಎಂದು ರಿಪೋರ್ಟ್ ಇಲ್ಲದೆ ಹೇಗೆ ಹೇಳುವುದು?

ನ್ಯೂರೋ_ವಾರ್ಡ್

ರಿಪೋರ್ಟ್‌ಗೆ ಕಾಯುವ ಅಗತ್ಯವಿಲ್ಲ. "ಮೊದಲು ಇದು, ಆಮೇಲೆ ಅದು" ಎಂಬ ಸಾಲೇ ತಪ್ಪು. ಇಮ್ಯುನೊಥೆರಪಿಯೂ (ಸ್ಟಿರಾಯ್ಡ್, ಐವಿಐಜಿಯಂಥ ಚಿಕಿತ್ಸೆ) ಆಪರೇಷನ್ ತಯಾರಿಯೂ ಒಟ್ಟೊಟ್ಟಿಗೆ ನಡೆಯಬೇಕು.

ಕಾಕತಾಳೀಯವೋ ಅಲ್ಲವೋ ಎಂಬುದಕ್ಕೆ 2016ರ ಗ್ರೌಸ್ ಮಾನದಂಡ (ಆಟೋಇಮ್ಯೂನ್ ಎನ್ಸೆಫಲೈಟಿಸ್ ಗುರುತಿಸುವ ಪಟ್ಟಿ) ನೋಡಿ. 3 ತಿಂಗಳೊಳಗೆ ಶುರುವಾದ ಕಾಯಿಲೆಯಲ್ಲಿ ಆರು ಗುಂಪಿನ ಲಕ್ಷಣಗಳನ್ನು ಹುಡುಕಬೇಕು: ವರ್ತನೆ ಅಥವಾ ಅರಿವಿನ ಏರುಪೇರು, ಮಾತಿನ ತೊಂದರೆ (ಅತಿಮಾತು, ಮಾತು ಕುಗ್ಗುವುದು, ಮೌನ), ಫಿಟ್ಸ್, ಚಲನೆಯ ತೊಂದರೆ ಅಥವಾ ಮೈ ಸೆಟೆಯುವುದು, ಎಚ್ಚರ ಕಡಿಮೆಯಾಗುವುದು, ಬಿಪಿ, ನಾಡಿ, ಉಸಿರಾಟದ ಏರುಪೇರು. ನಾಲ್ಕು ಗುಂಪು ಇದ್ದು, ಇಇಜಿ ಅಥವಾ ಬೆನ್ನುಹುರಿ ನೀರಿನಲ್ಲಿ ದೋಷ ಕಂಡು, ಬೇರೆ ಕಾರಣಗಳನ್ನು ಹೊರಗಿಟ್ಟರೆ 'ಸಂಭಾವ್ಯ ಎನ್‌ಎಂಡಿಎ'. ಟೆರಟೋಮ ಸಿಕ್ಕಿದ್ದರೆ ಮೂರೇ ಗುಂಪು ಸಾಕು. ನಿಮ್ಮ ಕೇಸಿನಲ್ಲಿ ವರ್ತನೆ, ಮಾತು, ಫಿಟ್ಸ್ ಮೂರೂ ಇವೆ. ಕಾಲು ಮುರಿದು ಬಂದವಳ ಸ್ಕ್ಯಾನ್‌ನಲ್ಲಿ ಸಿಕ್ಕ ಡರ್ಮಾಯ್ಡ್ ಬೇರೆ, ಈ ಚಿತ್ರದ ಜೊತೆ ಸಿಕ್ಕ ಡರ್ಮಾಯ್ಡ್ ಬೇರೆ.

ಮೆದುಳಿನ ಎಂಆರ್‌ಐ ನಾರ್ಮಲ್ ಎಂದು ಸಮಾಧಾನಪಡಬೇಡಿ. ಈ ಕಾಯಿಲೆಯ ಅರ್ಧಕ್ಕಿಂತ ಹೆಚ್ಚು ಪೇಶೆಂಟ್‌ಗಳಲ್ಲಿ ಅದು ನಾರ್ಮಲ್ಲೇ. ಇಇಜಿ ಹೆಚ್ಚು ಮಾತಾಡುತ್ತದೆ. ಬಹುತೇಕ ಎಲ್ಲರಲ್ಲೂ ಏನಾದರೂ ದೋಷ ಕಾಣುತ್ತದೆ. ಕೆಲವರಲ್ಲಿ 1ರಿಂದ 3 ಹರ್ಟ್ಸ್‌ನ ನಿಧಾನ ಡೆಲ್ಟಾ ಅಲೆ, ಅದರ ನೆತ್ತಿಯ ಮೇಲೆ 20ರಿಂದ 30 ಹರ್ಟ್ಸ್‌ನ ಬೀಟಾ ಸಣ್ಣಗೆ ಕುಳಿತಿರುತ್ತದೆ. ಅದೇ ಎಕ್ಸ್‌ಟ್ರೀಮ್ ಡೆಲ್ಟಾ ಬ್ರಶ್. ಕಂಡರೆ ದೊಡ್ಡ ಸುಳಿವು, ಕಾಣದಿದ್ದರೆ ಏನೂ ಅರ್ಥವಿಲ್ಲ.

ಗಡ್ಡೆ ತೆಗೆಯುವುದು ಏಕೆ ಚಿಕಿತ್ಸೆಯ ಭಾಗ ಎಂಬುದು ಸ್ಪಷ್ಟವಿರಲಿ. ಟೆರಟೋಮದೊಳಗೆ ನರ ಅಂಗಾಂಶ ಇರುತ್ತದೆ, ಅದರ ಮೇಲೆ ಎನ್‌ಎಂಡಿಎ ಗ್ರಾಹಕಗಳಿರುತ್ತವೆ. ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಬಗೆದು ಗ್ರಾಹಕದ ಗ್ಲುಎನ್1 ಭಾಗದ ವಿರುದ್ಧ ಐಜಿಜಿ ಆಂಟಿಬಾಡಿ ತಯಾರಿಸುತ್ತದೆ. ಆ ಐಜಿಜಿ ಮೆದುಳಿನ ಗ್ರಾಹಕಗಳನ್ನು ಎರಡೆರಡಾಗಿ ಜೋಡಿಸಿ ಕೋಶದೊಳಕ್ಕೆ ಎಳೆಸುತ್ತದೆ. ನರಕೋಶ ಸಾಯುವುದಿಲ್ಲ, ಮೇಲ್ಮೈಯ ಗ್ರಾಹಕ ಕಡಿಮೆಯಾಗುತ್ತದೆ ಅಷ್ಟೆ. ಆಂಟಿಬಾಡಿ ಇಳಿದರೆ ಗ್ರಾಹಕ ಮತ್ತೆ ಮೇಲೆ ಬರುತ್ತದೆ. ವೆಂಟಿಲೇಟರ್ ಮೇಲೆ ವಾರಗಟ್ಟಲೆ ಇದ್ದವರೂ ಕಾಲೇಜಿಗೆ ಮರಳುವುದು ಇದರಿಂದಲೇ. 50 ದಾಟಿದ ಹೆಂಗಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಜೊತೆ ಬರುವ ಆಂಟಿ-ಯೋ ಕಾಯಿಲೆಯ ಕಥೆ ಬೇರೆಯೇ: ಅಲ್ಲಿ ಟಿ ಕೋಶಗಳು ಸಿರಿಬೆಲ್ಲಮ್‌ನ ಪರ್ಕಿಂಜಿ ಕೋಶಗಳನ್ನು ಕೊಂದೇಬಿಡುತ್ತವೆ, ಗಡ್ಡೆ ತೆಗೆದರೂ ನಡಿಗೆ ಹಿಂದಿನಂತಾಗುವುದು ಅಪರೂಪ. ಎರಡನ್ನೂ 'ಪ್ಯಾರಾನಿಯೋಪ್ಲಾಸ್ಟಿಕ್' (ಗಡ್ಡೆಯಿಂದಾಗಿ ಬರುವ ನರರೋಗ) ಎಂಬ ಒಂದೇ ಚೀಲಕ್ಕೆ ಹಾಕಿ ಸಂಬಂಧಿಕರಿಗೆ ಹೆದರಿಸಬೇಡಿ.

ದಾಲ್ಮಾವ್ ತಂಡ 2007ರಲ್ಲಿ ಆಂಟಿಬಾಡಿ ಗುರುತಿಸಿತು. 2013ರಲ್ಲಿ ಬಂದ 577 ಪೇಶೆಂಟ್‌ಗಳ ಅಧ್ಯಯನದಲ್ಲಿ 38% ಮಂದಿಗೆ ಗಡ್ಡೆ ಇತ್ತು, ಆ ಗಡ್ಡೆಗಳಲ್ಲಿ 94% ಅಂಡಾಶಯದ ಟೆರಟೋಮ. 12 ವರ್ಷದೊಳಗಿನ ಮಕ್ಕಳಲ್ಲಿ ಗಡ್ಡೆ ಅಪರೂಪ. ಮೊದಲ ಹಂತದ ಚಿಕಿತ್ಸೆ ಅಥವಾ ಗಡ್ಡೆ ತೆಗೆದ 4 ವಾರದಲ್ಲಿ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದರು. 24 ತಿಂಗಳಿಗೆ 81% ಮಂದಿ ತಮ್ಮ ಕೆಲಸ ತಾವೇ ನೋಡಿಕೊಳ್ಳುವ ಮಟ್ಟಕ್ಕೆ ಬಂದಿದ್ದರು. ಬೇಗ ಶುರು ಮಾಡಿದವರಿಗೆ ಫಲ ಹೆಚ್ಚು.

ಇನ್ನು ಔಷಧ. ಮೀಥೈಲ್‌ಪ್ರೆಡ್ನಿಸೊಲೋನ್ 1 ಗ್ರಾಂ ದಿನಕ್ಕೊಮ್ಮೆ ಡ್ರಿಪ್‌ನಲ್ಲಿ, 5 ದಿನ. ಜೊತೆಗೆ ಐವಿಐಜಿ ದಿನಕ್ಕೆ 0.4 ಗ್ರಾಂ/ಕೆ.ಜಿ., 5 ದಿನ. 50 ಕೆ.ಜಿ. ತೂಕಕ್ಕೆ ದಿನಕ್ಕೆ 20 ಗ್ರಾಂ, 5 ಗ್ರಾಂನ ನಾಲ್ಕು ಬಾಟಲಿ, ಒಟ್ಟು 20 ಬಾಟಲಿ. ಈ ಲೆಕ್ಕ ಮನೆಯವರಿಗೆ ಮೊದಲ ದಿನವೇ ಹೇಳಿ, ಮೂರನೇ ದಿನ ನಡುವೆ ನಿಲ್ಲುವುದು ಬೇಡ. ಅಷ್ಟು ಹೊಂದಿಸಲಾಗದಿದ್ದರೆ ದಿನ ಬಿಟ್ಟು ದಿನ 5ರಿಂದ 7 ಸಲ ಪ್ಲಾಸ್ಮಾ ಎಕ್ಸ್‌ಚೇಂಜ್ (ಆಂಟಿಬಾಡಿ ಇರುವ ಪ್ಲಾಸ್ಮಾ ತೆಗೆದು ಬದಲಿ ದ್ರವ ತುಂಬಿಸುವುದು). ಐವಿಐಜಿ ಮುಗಿಸಿ ಮರುದಿನವೇ ಎಕ್ಸ್‌ಚೇಂಜ್ ಹಾಕಿದರೆ ಕೊಟ್ಟ ಐವಿಐಜಿಯೆಲ್ಲ ಚೀಲದಲ್ಲಿ ಹೊರಗೆ ಹೋಗುತ್ತದೆ. ಈ ತಪ್ಪು ಕಡಿಮೆಯೇನಲ್ಲ. ಎಕ್ಸ್‌ಚೇಂಜ್ ಬೇಕೆಂದಿದ್ದರೆ ಅದನ್ನೇ ಮೊದಲು ಮಾಡಿ.

ಸ್ಟಿರಾಯ್ಡ್‌ಗೆ ಮುಂಚೆ ಟಿಬಿ ಮೆನಿಂಜೈಟಿಸ್ ಯೋಚಿಸಲೇಬೇಕು. ಎನ್‌ಎಂಡಿಎಯಲ್ಲಿ ಲಿಂಫೊಸೈಟ್ ಸ್ವಲ್ಪ ಏರಿರುತ್ತದೆ, ಗ್ಲೂಕೋಸ್ ಸಾಮಾನ್ಯವಾಗಿ ನಾರ್ಮಲ್. ಗ್ಲೂಕೋಸ್ ಕುಸಿದಿದ್ದರೆ, ಪ್ರೋಟೀನ್ ತುಂಬ ಏರಿದ್ದರೆ ಸಿಬಿನಾಟ್ (ಟಿಬಿಯ ಜೀನ್ ಪರೀಕ್ಷೆ) ಕಳಿಸಿ. ಹರ್ಪಿಸ್ ಪಿಸಿಆರ್ ನೆಗೆಟಿವ್ ಬರುವ ತನಕ ಅಸೈಕ್ಲೋವಿರ್ 10 ಮಿ.ಗ್ರಾಂ/ಕೆ.ಜಿ. 8 ಗಂಟೆಗೊಮ್ಮೆ, ನೀರು ಚೆನ್ನಾಗಿ ಕೊಟ್ಟು, ಕ್ರಿಯಾಟಿನಿನ್ ನೋಡುತ್ತ ನಡೆಯಲಿ. ಜ್ವರದೊಂದಿಗೆ ಬಂದವಳಾದರೆ ಸ್ಕ್ರಬ್ ಟೈಫಸ್, ಜಪಾನೀಸ್ ಎನ್ಸೆಫಲೈಟಿಸ್, ಮಲೆನಾಡಿನ ಕಡೆಯವಳಾದರೆ ಮಂಗನ ಕಾಯಿಲೆ ಕೂಡ ಪಟ್ಟಿಯಲ್ಲಿರಲಿ. ಹರ್ಪಿಸ್ ಎನ್ಸೆಫಲೈಟಿಸ್ ಗುಣವಾಗಿ ಕೆಲವು ವಾರಗಳ ಮೇಲೆ ಎನ್‌ಎಂಡಿಎ ಕಾಯಿಲೆಯೇ ಶುರುವಾಗುವುದೂ ಉಂಟು, ಅಂದರೆ ಒಂದು ಪಾಸಿಟಿವ್ ಬಂದ ಮಾತ್ರಕ್ಕೆ ಇನ್ನೊಂದು ರದ್ದಾಗುವುದಿಲ್ಲ.

10ರಿಂದ 14 ದಿನದಲ್ಲಿ ಕದಲಿಕೆ ಇಲ್ಲದಿದ್ದರೆ ರಿಟುಕ್ಸಿಮ್ಯಾಬ್ (ಬಿ ಕೋಶಗಳನ್ನು ಇಳಿಸುವ ಔಷಧ): ವಾರಕ್ಕೊಮ್ಮೆ 375 ಮಿ.ಗ್ರಾಂ/ಚ.ಮೀ. ನಾಲ್ಕು ಸಲ, ಇಲ್ಲವೇ 1 ಗ್ರಾಂ ಎರಡು ಸಲ 15 ದಿನದ ಅಂತರದಲ್ಲಿ. ಅದನ್ನು ಕೊಡುವ ಮುಂಚೆ ಹೆಪಟೈಟಿಸ್ ಬಿಗೆ ಎಚ್‌ಬಿಎಸ್‌ಎಜಿ ಒಂದೇ ಸಾಲದು, ಆಂಟಿ-ಎಚ್‌ಬಿಸಿ ಕೂಡ ನೋಡಿ. ಅದರ ರಕ್ತವನ್ನು ಐವಿಐಜಿಗೆ ಮೊದಲೇ ತೆಗೆದಿಡಿ. ದಾನಿಗಳ ಆಂಟಿಬಾಡಿ ಸೇರಿಕೊಂಡರೆ ಆಮೇಲೆ ಸುಳ್ಳು ಪಾಸಿಟಿವ್ ಬರುತ್ತದೆ.

ಮನೋವೈದ್ಯ_ಧಾರವಾಡ

ಒಂದೆರಡು ಮಾತು ಸೇರಿಸತೀನ್ರಿ. ಇಂಥ ಪೇಶೆಂಟ್ ಮೊದಲು ಬರೋದು ನಮ್ಮ ಹತ್ರಾನೇ, ಅದಕ್ಕೂ ಮುಂಚೆ ದೇವಸ್ಥಾನಕ್ಕೆ ಹೋಗಿ ಬಂದಿರ್ತಾರ. ಮೊದಲ ಸಲ ಬಂದ ಸೈಕೋಸಿಸ್, ಅದೂ ತಿಂಗಳಲ್ಲ, ದಿನಗಳಲ್ಲಿ ಏರಿದ್ದು, ಮುಂಚೆ ಜ್ವರ ಇತ್ತು ಅಂದ್ರೆ ಎಚ್ಚರ. ತುಟಿ ನೋಡ್ರಿ: ಏನೂ ಇಲ್ಲದ ಬಾಯಿ ಅಗಿಯೋದು, ನಾಲಿಗೆ ಹೊರಗ ಒಳಗ, ಹಲ್ಲು ಕಚ್ಚಿ ತುಟಿ ಹರದಿರ್ತದ. ಕೈಬೆರಳು ಹಾರ್ಮೋನಿಯಂ ನುಡಿಸಿದ ಹಾಂಗ ಆಡ್ತಿರ್ತಾವ. ಆಂಟಿಸೈಕೋಟಿಕ್ ಇನ್ನೂ ಕೊಡದೇ ಇದ್ದಾಗ ಇದು ಕಂಡ್ರೆ ಸ್ಕಿಜೋಫ್ರೇನಿಯಾ ಅನ್ನೋದನ್ನ ಬದಿಗಿಡ್ರಿ.

ಹ್ಯಾಲೊಪೆರಿಡಾಲ್ ಬ್ಯಾಡ. ಈ ಕಾಯಿಲೆಯೊಳಗ ಅದು ಕೊಟ್ಟ ಮ್ಯಾಲೆ ಮೈ ಕಟ್ಟಿಗಿ ಆಗಿ, ಜ್ವರ ಏರಿ, ಸಿಪಿಕೆ (ಸ್ನಾಯು ಹಾನಿ ತೋರಿಸೋ ರಕ್ತ ಪರೀಕ್ಷೆ) ಸಾವಿರಗಟ್ಟಲೆ ಹೋಗೋದು ಸಾಮಾನ್ಯ. ಆಮ್ಯಾಲೆ ಅದು ಔಷಧದ ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮೋ, ಕಾಯಿಲೆಯ ಸ್ವಭಾವವೋ ಅಂತ ತಲಿ ಕೆಡಿಸಿಕೊಂಡು ಒಂದು ವಾರ ಕಳೀತದ. ಕೆಟಟೋನಿಯ (ಮಾತು, ಚಲನೆ ನಿಂತು ಮೈ ಸೆಟೆಯೋದು) ಇದ್ರೆ ಲೊರಾಜೆಪಾಮ್ 1ರಿಂದ 2 ಮಿ.ಗ್ರಾಂ ನರಕ್ಕೆ ಕೊಟ್ಟು, ಅದನ್ನ ಅಳಿಯೋ ಬುಶ್-ಫ್ರಾನ್ಸಿಸ್ ಸ್ಕೋರ್ ಮತ್ತ ನೋಡ್ರಿ. ಡೋಸ್ ಏರಿಸೋದಿದ್ರೆ ಉಸಿರಾಟದ ಮ್ಯಾಲೆ ಕಣ್ಣಿರ್ಲಿ, ಈ ಕಾಯಿಲೆ ತಾನಾಗೇ ಉಸಿರು ನಿಲ್ಲಿಸೋ ಕಾಯಿಲೆ. ತೀರಾ ಬೇಕಾದ್ರೆ ಕ್ವೆಟಿಯಾಪಿನ್ ಸಣ್ಣ ಡೋಸಿಂದ.

ಲ್ಯಾಬ್_ಇಮ್ಯುನೊ

ಲ್ಯಾಬ್ ಫಾರ್ಮ್ ತುಂಬುವಾಗ ಆಗುವ ಎಡವಟ್ಟಿನ ಬಗ್ಗೆ ಹೇಳುತ್ತೇನೆ. ಗಡ್ಡೆ ಸಿಕ್ಕಿದೆ ಎಂದು 'ಪ್ಯಾರಾನಿಯೋಪ್ಲಾಸ್ಟಿಕ್ ಪ್ರೊಫೈಲ್' ಎಂದು ಬರೆದು ಕಳಿಸುತ್ತಾರೆ. ಅದು ಹು, ಯೋ, ರಿ ಮುಂತಾದ ಕೋಶದೊಳಗಿನ ಪ್ರೋಟೀನ್‌ಗಳ ವಿರುದ್ಧದ ಆಂಟಿಬಾಡಿ ಹುಡುಕುವ ಬ್ಲಾಟ್ ಪರೀಕ್ಷೆ. ಎನ್‌ಎಂಡಿಎ ಗ್ರಾಹಕ ಅದರಲ್ಲಿ ಇರುವುದೇ ಇಲ್ಲ. ನೆಗೆಟಿವ್ ಬರುತ್ತದೆ, ಫೈಲ್‌ನಲ್ಲಿ 'ಆಟೋಇಮ್ಯೂನ್ ಇಲ್ಲ' ಎಂದು ಬರೆಯುತ್ತಾರೆ, ಚಿಕಿತ್ಸೆ ನಿಲ್ಲುತ್ತದೆ. ಕೇಳಬೇಕಾದ್ದು ಆಟೋಇಮ್ಯೂನ್ ಎನ್ಸೆಫಲೈಟಿಸ್ ಪ್ಯಾನೆಲ್, ಸೆಲ್-ಬೇಸ್ಡ್ ಅಸ್ಸೆ ವಿಧಾನದಲ್ಲಿ. ಮೇಲ್ಮೈಯಲ್ಲಿ ಗ್ಲುಎನ್1 ಮೂಡುವಂತೆ ಮಾಡಿದ ಕೋಶಗಳ ಮೇಲೆ ಪೇಶೆಂಟ್‌ನ ಸ್ಯಾಂಪಲ್ ಹಾಕಿ ಫ್ಲೋರೊಸೆನ್ಸ್ ನೋಡುವ ಪರೀಕ್ಷೆ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಗುತ್ತದೆ, ದೊಡ್ಡ ಖಾಸಗಿ ಲ್ಯಾಬ್‌ಗಳೂ ಮಾಡುತ್ತವೆ.

ರಕ್ತ ಮತ್ತು ಬೆನ್ನುಹುರಿ ನೀರು ಎರಡನ್ನೂ ಕಳಿಸಿ. 2014ರಲ್ಲಿ 250 ಪೇಶೆಂಟ್‌ಗಳ ಸ್ಯಾಂಪಲ್ ಹೋಲಿಸಿದಾಗ ಬೆನ್ನುಹುರಿ ನೀರಿನಲ್ಲಿ ಎಲ್ಲರಿಗೂ ಪಾಸಿಟಿವ್, ರಕ್ತದಲ್ಲಿ ಸುಮಾರು 86% ಮಂದಿಗೆ ಮಾತ್ರ. ಅಂದರೆ ರಕ್ತ ಮಾತ್ರ ಕಳಿಸಿದರೆ ಏಳರಲ್ಲಿ ಒಬ್ಬರು ಕೈತಪ್ಪಿದರು. ಇನ್ನೊಂದು ಕಡೆ, ರಕ್ತದಲ್ಲಿ ಮಾತ್ರ ಸಣ್ಣ ಟೈಟರ್ (ಆಂಟಿಬಾಡಿ ಪ್ರಮಾಣ) ಪಾಸಿಟಿವ್ ಬಂದು ಲಕ್ಷಣ ಹೊಂದದಿದ್ದರೆ ಅದನ್ನು ನಂಬಿ ಅಂಡಾಶಯಕ್ಕೆ ಕೈ ಹಾಕಬೇಡಿ.

ಐವಿಐಜಿ, ಎಕ್ಸ್‌ಚೇಂಜ್ ಶುರುವಾಗುವ ಮುಂಚೆ ಸ್ಯಾಂಪಲ್ ತೆಗೆಯಿರಿ. ಆಂಟಿಬಾಡಿಗೆ 1ರಿಂದ 2 ಮಿ.ಲೀ. ನೀರನ್ನು ಸಾದಾ ಸ್ಟೆರೈಲ್ ಟ್ಯೂಬ್‌ನಲ್ಲಿ, ಫ್ರಿಜ್‌ನ 2ರಿಂದ 8 ಡಿಗ್ರಿಯಲ್ಲಿ ಇಟ್ಟು ಕಳಿಸಿ. ಸೆಲ್ ಕೌಂಟ್ ಟ್ಯೂಬ್ ಮಾತ್ರ ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಲಿ. ಆಲಿಗೋಕ್ಲೋನಲ್ ಬ್ಯಾಂಡ್ ಕೇಳಿದ್ದರೆ ಅದೇ ದಿನದ ರಕ್ತ ಜೊತೆಗಿರಬೇಕು.

ಪಿಜಿ_ಒಬಿಜಿ

ಧನ್ಯವಾದ ಸರ್, ಮೇಡಂ. ಎರಡು ಉಪಪ್ರಶ್ನೆ. ಮದುವೆಯಾಗದ ಹುಡುಗಿಗೆ ಹೊಟ್ಟೆ ಮೇಲಿನ ಸ್ಕ್ಯಾನ್ ಮಾತ್ರ ಮಾಡಿ 'ನಾರ್ಮಲ್' ಎಂದು ಕಳಿಸಿದ್ದರೆ ಅಲ್ಲಿಗೇ ಬಿಡಬಹುದಾ? ಆಂಟಿಬಾಡಿ ಪಾಸಿಟಿವ್ ಬಂದು ಎಲ್ಲೂ ಗಡ್ಡೆ ಸಿಗದಿದ್ದರೆ ಕುರುಡಾಗಿ ಅಂಡಾಶಯ ತೆಗೆದ ವರದಿಗಳಿವೆಯಲ್ಲ, ಅದು?

ಲ್ಯಾಪ್_ಒಬಿಜಿ

ಎರಡನೆಯದಕ್ಕೆ ಮೊದಲು: ಬೇಡ. ಗಡ್ಡೆ ಇಲ್ಲದೆಯೇ ಬರುವ ಎನ್‌ಎಂಡಿಎ ಕಾಯಿಲೆ ಹೆಂಗಸರಲ್ಲೂ ಅರ್ಧಕ್ಕಿಂತ ಹೆಚ್ಚು. ಇಮ್ಯುನೊಥೆರಪಿ ಮುಂದುವರಿಸಿ, ಸ್ಕ್ಯಾನ್ ಮತ್ತೆ ಮಾಡಿ. ಅನುಮಾನದ ಮೇಲೆ 20 ವರ್ಷದವಳ ಅಂಡಾಶಯ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಹೊಟ್ಟೆ ಮೇಲಿನ ಸ್ಕ್ಯಾನ್ 'ನಾರ್ಮಲ್' ಎಂದರೆ ಅಲ್ಲಿಗೆ ಬಿಡುವಂತಿಲ್ಲ. ಫಿಟ್ಸ್ ಬಂದು ಕ್ಯಾಥೆಟರ್ ಹಾಕಿರುವ ಪೇಶೆಂಟ್‌ನ ಮೂತ್ರಕೋಶ ಖಾಲಿ ಇರುತ್ತದೆ, ಆ ಸ್ಕ್ಯಾನ್‌ನಲ್ಲಿ 1 ಸೆಂ.ಮೀ. ಡರ್ಮಾಯ್ಡ್ ಕರುಳಿನ ಗಾಳಿಯೊಳಗೆ ಮಾಯ. ಕ್ಯಾಥೆಟರ್ ಕ್ಲ್ಯಾಂಪ್ ಮಾಡಿ ಮೂತ್ರಕೋಶ ತುಂಬಿಸಿ ಮತ್ತೆ ನೋಡಿಸಿ. ಯೋನಿಮಾರ್ಗದ ಸ್ಕ್ಯಾನ್ ಸಾಧ್ಯವಿಲ್ಲದ ಕಡೆ ಸೊಂಟದ ಎಂಆರ್‌ಐಯೇ ದಾರಿ. ತೆಳು ಸ್ಲೈಸ್ ಕೇಳಿ, ಟಿ1 ಅನ್ನು ಫ್ಯಾಟ್ ಸ್ಯಾಚುರೇಷನ್ ಇದ್ದೂ ಇಲ್ಲದೆಯೂ ಎರಡು ಸಲ ತೆಗೆಸಿ. ಟಿ1ನಲ್ಲಿ ಬೆಳ್ಳಗಿದ್ದು ಫ್ಯಾಟ್ ಸ್ಯಾಟ್‌ನಲ್ಲಿ ಕಪ್ಪಾದರೆ ಕೊಬ್ಬು, ಅಂದರೆ ಡರ್ಮಾಯ್ಡ್. ಬೆಳ್ಳಗೇ ಉಳಿದರೆ ರಕ್ತ, ಅಂದರೆ ಎಂಡೊಮೆಟ್ರಿಯೋಮ ಅಥವಾ ಹೆಮರೇಜಿಕ್ ಸಿಸ್ಟ್. ಮೆದುಳಿನ ಎಂಆರ್‌ಐಗೆ ಹೇಗೂ ಸೆಡೇಶನ್ ಕೊಡುತ್ತೀರಿ, ಅದೇ ಸರತಿಯಲ್ಲಿ ಸೊಂಟವನ್ನೂ ಮುಗಿಸಿ. ಪೇಶೆಂಟ್ ಅಲುಗಾಡುವುದನ್ನು ನಿಲ್ಲಿಸದಿದ್ದರೆ, ಗರ್ಭ ಇಲ್ಲ ಎಂದು ಖಚಿತಪಡಿಸಿಕೊಂಡು ಸಿಟಿ. ಕೊಬ್ಬು, ಹಲ್ಲು, ಕ್ಯಾಲ್ಸಿಯಂ ಅದರಲ್ಲೂ ಕಾಣುತ್ತದೆ. ಪೆಟ್-ಸಿಟಿ ಮೇಲೆ ಭರವಸೆ ಬೇಡ, ಮೆಚ್ಯೂರ್ ಟೆರಟೋಮ ಅದರಲ್ಲಿ ಹೊಳೆಯಲೇಬೇಕೆಂದಿಲ್ಲ. ಎಎಫ್‌ಪಿ, ಬೀಟಾ ಎಚ್‌ಸಿಜಿ, ಸಿಎ-125 (ಗಡ್ಡೆ ಸೂಚಿಸುವ ರಕ್ತ ಪರೀಕ್ಷೆಗಳು) ನಾರ್ಮಲ್ ಇದ್ದರೂ ಗಡ್ಡೆ ಇರಬಹುದು. ಅವನ್ನು ಕಳಿಸುವುದು ಗಡ್ಡೆ ಇಮ್ಮೆಚ್ಯೂರ್ (ಬಲಿಯದ ಕೋಶಗಳ, ಕ್ಯಾನ್ಸರ್ ಸ್ವಭಾವದ್ದು) ಆಗಿರಬಹುದೇ ಎಂದು ಅಂದಾಜು ಮಾಡಲು.

ಆಪರೇಷನ್: ಲ್ಯಾಪ್ರೋಸ್ಕೋಪಿಕ್ ಸಿಸ್ಟೆಕ್ಟಮಿ, ಅಂದರೆ ಅಂಡಾಶಯ ಉಳಿಸಿ ಗಡ್ಡೆ ಮಾತ್ರ ತೆಗೆಯಿರಿ. ಎರಡೂ ಬದಿ ನೋಡಲೇಬೇಕು, ಡರ್ಮಾಯ್ಡ್ ಹತ್ತರಲ್ಲಿ ಒಂದರಷ್ಟು ಎರಡೂ ಕಡೆ ಇರುತ್ತದೆ. ಎಂಡೊಬ್ಯಾಗ್‌ನೊಳಗೇ ಹೊರತೆಗೆಯಿರಿ. ಒಡೆದು ಕೂದಲು, ಜಿಡ್ಡು ಹೊಟ್ಟೆಗೆ ಚೆಲ್ಲಿದರೆ ಕೆಮಿಕಲ್ ಪೆರಿಟೊನೈಟಿಸ್. ಆಗ ಬೆಚ್ಚಗಿನ ಸಲೈನ್‌ನಿಂದ ಜಿಡ್ಡು ತೇಲುವುದು ನಿಲ್ಲುವ ತನಕ ಲೀಟರ್‌ಗಟ್ಟಲೆ ತೊಳೆಯಬೇಕು. ಸ್ಕ್ಯಾನ್‌ನಲ್ಲಿ ಘನಭಾಗ ಹೆಚ್ಚಿದ್ದು ಎಎಫ್‌ಪಿ ಏರಿದ್ದರೆ ಸಿಸ್ಟೆಕ್ಟಮಿ ಬಿಟ್ಟು ಆ ಬದಿಯ ಅಂಡಾಶಯ ಮತ್ತು ನಾಳವನ್ನು ಒಡೆಯದೆ ಇಡಿಯಾಗಿ ತೆಗೆಯುವ ಯೋಚನೆ ಮಾಡಿ.

ಪೆಥಾಲಜಿ ಫಾರ್ಮ್‌ನಲ್ಲಿ 'ಡರ್ಮಾಯ್ಡ್ ಸಿಸ್ಟ್' ಎಂದಷ್ಟೇ ಬರೆದರೆ ಎರಡು ಬ್ಲಾಕ್ ಕತ್ತರಿಸಿ 'ಮೆಚ್ಯೂರ್ ಟೆರಟೋಮ' ಎಂದು ಮುಗಿಸುತ್ತಾರೆ. 'ಎನ್‌ಎಂಡಿಎ ಎನ್ಸೆಫಲೈಟಿಸ್, ನರ ಅಂಗಾಂಶ ಹುಡುಕಿ' ಎಂದು ಬರೆಯಿರಿ. ಗೋಡೆಯಿಂದ ಒಳಕ್ಕೆ ಚಾಚಿದ ಗಟ್ಟಿ ಗುಬುಟು ಇರುತ್ತದಲ್ಲ, ಕೂದಲೂ ಹಲ್ಲೂ ಅಲ್ಲಿಂದಲೇ ಹುಟ್ಟಿರುತ್ತವೆ. ಆ ಭಾಗದ ಬ್ಲಾಕ್ ಹೆಚ್ಚು ತೆಗೆಸಿ. ಜಿಎಫ್‌ಎಪಿ ಬಣ್ಣದಲ್ಲಿ ಗ್ಲಯಲ್ ಅಂಗಾಂಶ, ಅದರ ಸುತ್ತ ಮುತ್ತಿಕೊಂಡ ಲಿಂಫೊಸೈಟ್‌ಗಳು ಕಾಣಬಹುದು. ಇಮ್ಮೆಚ್ಯೂರ್ ಭಾಗ ಇದೆಯೇ, ಇದ್ದರೆ ಗ್ರೇಡ್ ಎಷ್ಟು ಎಂದು ವರದಿಯಲ್ಲಿ ಬರಲೇಬೇಕು, ಮುಂದೆ ಕೀಮೋ ಬೇಕೋ ಬೇಡವೋ ಅದರ ಮೇಲೆ ನಿಂತಿದೆ.

ಅನಸ್ತೀಶಿಯಾ_ಟೇಬಲ್

ಸರ್ಜನ್‌ಗಳು ಮರೆಯುವುದನ್ನು ನಾನು ಹೇಳುತ್ತೇನೆ.

ಕೆಟಮಿನ್ ಬೇಡ, ನೈಟ್ರಸ್ ಬೇಡ. ಎರಡೂ ತಡೆಯುವುದು ಇದೇ ಎನ್‌ಎಂಡಿಎ ಗ್ರಾಹಕವನ್ನು. ಫಿಟ್ಸ್ ಇರುವುದರಿಂದ ಟ್ರಮಡಾಲ್ ಕೂಡ ಬೇಡ. ಪ್ರೊಪೊಫಾಲ್, ಫೆಂಟನಿಲ್, ರೊಕುರೋನಿಯಂ ಮೇಲೆ ನಡೆಸಬಹುದು. ವಾರಗಟ್ಟಲೆ ಹಾಸಿಗೆ ಹಿಡಿದವಳಿಗೆ, ಸಿಪಿಕೆ ಏರಿದವಳಿಗೆ ಸಕ್ಸಮೆಥೋನಿಯಂ (ಸ್ನಾಯು ಸಡಿಲಿಸುವ ಔಷಧ) ಕೊಟ್ಟರೆ ಪೊಟ್ಯಾಸಿಯಂ ದಿಢೀರ್ ಏರುತ್ತದೆ. ಅದೂ ಅಲ್ಲದೆ ಎಕ್ಸ್‌ಚೇಂಜ್ ಆಗಿದ್ದರೆ ಅದನ್ನು ಕರಗಿಸುವ ಕಿಣ್ವವೂ ಪ್ಲಾಸ್ಮಾ ಜೊತೆ ಹೋಗಿರುತ್ತದೆ, ಸಡಿಲಿಕೆ ಬಹಳ ಹೊತ್ತು ನಿಲ್ಲುತ್ತದೆ.

ಎಕ್ಸ್‌ಚೇಂಜ್‌ನಲ್ಲಿ ಆಲ್ಬ್ಯುಮಿನ್ ಮಾತ್ರ ತುಂಬಿಸಿದ್ದರೆ ಫೈಬ್ರಿನೊಜನ್, ಕ್ಲಾಟಿಂಗ್ ಫ್ಯಾಕ್ಟರ್‌ಗಳು ಖಾಲಿ. ಬೆಳಿಗ್ಗೆ ಎಕ್ಸ್‌ಚೇಂಜ್ ಮುಗಿಸಿ ಮಧ್ಯಾಹ್ನ ಟೇಬಲ್‌ಗೆ ತರಬೇಡಿ. 24ರಿಂದ 48 ಗಂಟೆ ಬಿಡಿ, ಪಿಟಿ ಮತ್ತು ಫೈಬ್ರಿನೊಜನ್ ನೋಡಿ; ತಡೆಯಲಾಗದಿದ್ದರೆ ಕೊನೆಯ ಎಕ್ಸ್‌ಚೇಂಜ್‌ನಲ್ಲಿ ಎಫ್‌ಎಫ್‌ಪಿ (ದಾನಿಯ ಪ್ಲಾಸ್ಮಾ) ಸೇರಿಸಿಕೊಳ್ಳಿ.

ಹೊಟ್ಟೆಗೆ ಗ್ಯಾಸ್ ತುಂಬಿಸುವ ಕ್ಷಣ ಇದರಲ್ಲಿ ಅತ್ಯಂತ ಅಪಾಯದ್ದು. ಈ ಪೇಶೆಂಟ್‌ಗಳ ನಾಡಿ ಸುಮ್ಮನೆ ಮಲಗಿದ್ದಾಗಲೇ 140ರಿಂದ 40ಕ್ಕೆ ಜಿಗಿಯುತ್ತಿರುತ್ತದೆ. ಗ್ಯಾಸ್ ನಿಧಾನ, ಒತ್ತಡ ಕಡಿಮೆ ಇರಲಿ. ಅಟ್ರೊಪಿನ್ ಸಿರಿಂಜ್‌ನಲ್ಲಿ ತುಂಬಿಟ್ಟಿರಲಿ, ಪೇಸಿಂಗ್ ಪ್ಯಾಡ್ ಎದೆಗೆ ಅಂಟಿಸಿಯೇ ಶುರು ಮಾಡಿ. ನಾಡಿ ಕುಸಿದರೆ ಮೊದಲ ಕೆಲಸ ಗ್ಯಾಸ್ ಬಿಡುವುದು, ಆಮೇಲೆ ಔಷಧ. ಮುಗಿದ ಮೇಲೆ ಟೇಬಲ್ ಮೇಲೇ ಟ್ಯೂಬ್ ತೆಗೆಯುವ ಆತುರ ಬೇಡ. ಉಸಿರಾಟದ ಪ್ರೇರಣೆಯೇ ಕೈಕೊಡುವ ಕಾಯಿಲೆ ಇದು, ಐಸಿಯುನಲ್ಲಿ ನೋಡಿಕೊಂಡು ತೆಗೆಯಿರಿ.

ಹಾಗೆಂದು ಪೂರ್ತಿ 'ಸ್ಥಿರ' ಆಗಲಿ ಎಂದು ಕಾಯುತ್ತ ಕೂರಬೇಡಿ. ಗಡ್ಡೆ ಇರುವ ತನಕ ಆ ಸ್ಥಿರತೆ ಬಾರದೇ ಹೋಗಬಹುದು. ವೆಂಟಿಲೇಟರ್ ಮೇಲಿದ್ದಾಳೆ ಎಂಬುದು ಆಪರೇಷನ್‌ಗೆ ಅಡ್ಡಿಯಲ್ಲ; ಏರ್‌ವೇ ಭದ್ರವಾಗಿದೆ ಎಂದೇ ತಿಳಿಯಿರಿ.

ಪಿಜಿ_ಒಬಿಜಿ

ಕೊನೆಯದಾಗಿ: ಗಡ್ಡೆ ತೆಗೆದು ವಾರವಾದರೂ ಪೇಶೆಂಟ್ ಹಾಗೇ ಇದ್ದರೆ ಮನೆಯವರಿಗೆ ಏನು ಹೇಳುವುದು? ಟೈಟರ್ ಮತ್ತೆ ಕಳಿಸಬೇಕಾ?

ನ್ಯೂರೋ_ವಾರ್ಡ್

ಟೈಟರ್ ಹಿಂದೆ ಓಡಬೇಡಿ. ಚೇತರಿಸಿಕೊಂಡವರ ರಕ್ತದಲ್ಲೂ ಆಂಟಿಬಾಡಿ ಬಹಳ ಕಾಲ ಉಳಿಯುತ್ತದೆ, ಔಷಧ ಕೊಡುವುದು ಪೇಶೆಂಟ್‌ಗೆ, ನಂಬರ್‌ಗೆ ಅಲ್ಲ.

ಒಂದು ವಾರ ಏನೂ ಅಲ್ಲ. ಗಡ್ಡೆ ಹೋದರೂ ಬೆನ್ನುಹುರಿ ನೀರಿನೊಳಗೇ ಪ್ಲಾಸ್ಮಾ ಕೋಶಗಳು ಆಂಟಿಬಾಡಿ ತಯಾರಿಸುತ್ತಿರುತ್ತವೆ, ಆಪರೇಷನ್ ಆಯಿತೆಂದು ಇಮ್ಯುನೊಥೆರಪಿ ನಿಲ್ಲಿಸಬಾರದು ಎನ್ನುವುದು ಅದಕ್ಕೇ. ಮುಂದಿನ ಅಂದಾಜಿಗೆ ನಿಯೋಸ್ ಸ್ಕೋರ್ ಬಳಸಿ, ಐದು ಪ್ರಶ್ನೆ: ಐಸಿಯು ಬೇಕಾಯಿತೇ, ಚಿಕಿತ್ಸೆ 4 ವಾರಕ್ಕಿಂತ ತಡವಾಯಿತೇ, ಚಿಕಿತ್ಸೆ ಶುರುವಾಗಿ 4 ವಾರದಲ್ಲಿ ಸುಧಾರಣೆ ಇಲ್ಲವೇ, ಮೆದುಳಿನ ಎಂಆರ್‌ಐಯಲ್ಲಿ ದೋಷ ಇದೆಯೇ, ಬೆನ್ನುಹುರಿ ನೀರಿನಲ್ಲಿ ಬಿಳಿರಕ್ತಕಣ 20ಕ್ಕಿಂತ ಹೆಚ್ಚೇ. ಒಂದೊಂದು 'ಹೌದು'ಗೆ ಒಂದು ಅಂಕ. ಅಂಕ ಹೆಚ್ಚಿದ್ದರೆ ಒಂದು ವರ್ಷದ ಹೊತ್ತಿಗೂ ಪೂರ್ತಿ ಚೇತರಿಕೆ ಕಷ್ಟ ಎಂದರ್ಥ, ಚೇತರಿಕೆಯೇ ಇಲ್ಲ ಎಂದಲ್ಲ. ಎರಡನೇ ವರ್ಷದಲ್ಲೂ ಸುಧಾರಣೆ ಮುಂದುವರಿಯುತ್ತದೆ.

ಮನೆಯವರಿಗೆ ಮುಂಚೆಯೇ ಹೇಳಬೇಕಾದ್ದು ಇನ್ನೊಂದಿದೆ. ಕಾಯಿಲೆ ಬಂದ ಹಾದಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಮೊದಲು ಉಸಿರು, ಬಿಪಿ ಸರಿಯಾಗುತ್ತದೆ, ಆಮೇಲೆ ಬಾಯಿ ಅಗಿಯುವುದು ನಿಲ್ಲುತ್ತದೆ, ಮಾತು ಬರುತ್ತದೆ, ಆಗ ಸಿಟ್ಟು, ಭಯ ಮತ್ತೆ ಕಾಣಿಸುತ್ತದೆ. 'ಹುಚ್ಚು ಮರುಕಳಿಸಿತು' ಎಂದು ಗಾಬರಿಯಾಗಿ ಮನೆಯವರು ಬೇರೆ ಕಡೆ ಕರೆದೊಯ್ಯುವುದು ಈ ಹಂತದಲ್ಲೇ. ಅತಿನಿದ್ದೆ, ಅತಿಹಸಿವು, ಸಂಕೋಚವಿಲ್ಲದ ವರ್ತನೆ ಕೆಲವು ವಾರ ಇರಬಹುದು. ನೆನಪು, ಯೋಜನೆ ಹಾಕುವ ಶಕ್ತಿ ಕೊನೆಗೆ ಬರುತ್ತದೆ, ಆದ್ದರಿಂದ ಪರೀಕ್ಷೆಗೆ ಕೂರಿಸುವ ಆತುರ ಬೇಡ.

ಮರುಕಳಿಕೆ 2 ವರ್ಷದಲ್ಲಿ ಸುಮಾರು 12%. ಗಡ್ಡೆ ಸಿಕ್ಕದೇ ಇದ್ದವರಲ್ಲಿ ಅದು ಹೆಚ್ಚು. ಮರುಕಳಿಸಿದರೆ ಔಷಧದ ಜೊತೆಗೇ ಸೊಂಟದ ಎಂಆರ್‌ಐ ಮತ್ತೆ ಮಾಡಿಸಿ, ಎದುರು ಬದಿಯ ಅಂಡಾಶಯದಲ್ಲಿ ಹೊಸದು ಬಂದಿರಬಹುದು. ಮರುಕಳಿಸದಿದ್ದರೂ 6 ತಿಂಗಳಿಗೊಮ್ಮೆ ಸ್ಕ್ಯಾನ್, ಕನಿಷ್ಠ 2 ವರ್ಷ. 4 ವರ್ಷ ಮಾಡುವವರೂ ಇದ್ದಾರೆ. ಸ್ಟಿರಾಯ್ಡ್ ಮತ್ತು ರಿಟುಕ್ಸಿಮ್ಯಾಬ್ ಒಟ್ಟಿಗೆ ನಡೆಯುವಷ್ಟು ಕಾಲ ಸೋಂಕು ತಡೆಗೆ ಕೋಟ್ರಿಮೊಕ್ಸಜೋಲ್ ಇರಲಿ, ಲೈವ್ ವ್ಯಾಕ್ಸಿನ್ ಬೇಡ. ಸೈಕ್ಲೊಫಾಸ್ಫಮೈಡ್ ಕೊಡಬೇಕಾಗಿ ಬಂದರೆ ಮುಂಚೆ ನಿಮ್ಮ ಡಿಪಾರ್ಟ್‌ಮೆಂಟ್‌ಗೇ ರೆಫರ್ ಬರುತ್ತದೆ: ಉಳಿದ ಅಂಡಾಶಯ ಕಾಪಾಡಲು ಲ್ಯುಪ್ರೊಲೈಡ್ ಕೊಡುವ ವಿಚಾರ ಆಗ ನಿಮ್ಮದು, ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಅದಕ್ಕೊಂದು ಸಾಲು ಬರೆದಿಡಿ.